ಹೆಸರನ್ನು ಒಮ್ಮೆ ಕೂಗಿ ನೋಡಿ

ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಎಳೆಮಕ್ಕಳ ತಂದೆ ತಾಯಂದಿರ ಮುಂದೆ, ಮಗುವಿಗೆ ಹೆಸರಿಡುವ ಬಗ್ಗೆ ಆಡಿದ ಮಾತು ಇದು. ಅಂದು ಬಂದವರಲ್ಲಿ ಕೆಲವರು ಬರೆದು ಕೊಡಿ ಎಂದರು. ಮಾತಿನ ಧಾಟಿ ಹಾಗೇ ಉಳಿಸಿಕೊಂಡು ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೆಲವರು ಮಗುವನ್ನು ಎತ್ತಿಕೊಂಡೇ ಬಂದಿದ್ದೀರಿ. ಅತ್ತರೆ ಸಂಕೋಚ ಬೇಡ, ಇಲ್ಲೇ ಕೂತು ಸಮಾಧಾನ ಮಾಡಿ.

ಈ ವರ್ಷ ನಮ್ಮ ಮನೆಯಲ್ಲೂ ಒಂದು ಮಗು ಹುಟ್ಟಿತು. ನನ್ನ ಮಗಳ ಮಗಳು. ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ಮಗು ಹುಟ್ಟಿದ ನಾಲ್ಕನೇ ದಿನ ಮಗಳು, "ಅಮ್ಮ, ಇವಳಿಗೆ ಇಬ್ಬನಿ ಅಂತ ಹೆಸರಿಡ್ತೀನಿ" ಎಂದಳು. ನನಗೆ ಕೇಳಿ ಹಿತವಾಯಿತು. ಆದರೆ ಬಚ್ಚಲ ಒಲೆಗೆ ಸೌದೆ ಹಾಕುತ್ತಿದ್ದ ನಮ್ಮಮ್ಮ ಅಲ್ಲಿಂದಲೇ ತಿರುಗಿ ನೋಡಿದರು. ಅವರಿಗೆ 84 ವರ್ಷ. "ಇಬ್ಬನಿ ಬಿಸಿಲು ಬಂದ್ರೆ ಕರಗಿ ಹೋಗುತ್ತೆ ಕಣೆ. ಬಾಳಿ ಬದುಕಬೇಕಾದ ಮಗೂಗೆ ಅಂಥ ಹೆಸರಾ?" ಎಂದರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅಮ್ಮನದು ಹಳೇ ಕಾಲದ ಹಟ ಎಂದು ಮಗಳಿಗೆ ಅನಿಸಿತು. ನನಗೆ ಹಾಗನಿಸಲಿಲ್ಲ. ನಾನು ಹುಟ್ಟುವ ಮೊದಲು ಅಮ್ಮ ಎರಡು ಮಕ್ಕಳನ್ನು ಕಳೆದುಕೊಂಡಿದ್ದರು. ನಾನು ಹುಟ್ಟಿದಾಗ ನನ್ನನ್ನು ಗುಂಡಮ್ಮ ಎಂದು ಕರೆದರು. ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಎಂದು. ಶಾಲೆಯ ದಾಖಲೆಯಲ್ಲಿ ನನಗೆ ಬೇರೆ ಹೆಸರಿದೆ, ಮನೆಯಲ್ಲಿ ಇವತ್ತಿಗೂ ನಾನು ಗುಂಡಮ್ಮನೇ. ಮಗಳನ್ನು ಕಲ್ಲು ಎಂದು ಕರೆದ ತಾಯಿಗೆ ಮರಿಮಗಳನ್ನು ಇಬ್ಬನಿ ಎಂದು ಕರೆಯುವುದು ಎಷ್ಟು ಕಷ್ಟ, ಯೋಚನೆ ಮಾಡಿ.

ಅಪರೂಪದ ಹೆಸರು ಇಡಬೇಕೋ ಬೇಡವೋ ಎಂದು ನೀವೆಲ್ಲ ಕೇಳುತ್ತೀರಿ. ಅಪರೂಪದ ಹೆಸರು ಈಗಿನವರ ಚಟ ಎಂದು ಹಿರಿಯರು ಹೇಳುವುದನ್ನೂ ಕೇಳಿದ್ದೇನೆ. ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಕಸಕ್ಕೆ ಸಮ ಎಂದು ತೋರಿಸಿದರೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆ. ತಿಪ್ಪೇಸ್ವಾಮಿ ಎಂಬ ಹೆಸರಿನ ಎಲ್ಲರದ್ದೂ ಇದೇ ಕಥೆ ಅಲ್ಲ, ಚಿತ್ರದುರ್ಗದ ಕಡೆ ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು. ಆದರೆ ಕಲ್ಲಪ್ಪ, ಗುಂಡಪ್ಪ, ತಿಪ್ಪವ್ವ ಇವುಗಳ ಹಿಂದೆ ಬಹಳ ಸಲ ಒಬ್ಬ ತಾಯಿಯ ಭಯ ಇರುತ್ತದೆ. ಕೇಳುವುದಕ್ಕೆ ಒರಟು ಹೆಸರು, ಆದರೆ ಅದನ್ನು ಇಟ್ಟದ್ದು ಪ್ರೀತಿಯಿಂದ.

ಪ್ರೀತಿ ಇಲ್ಲದೆ ಇಟ್ಟ ಹೆಸರುಗಳೂ ಇವೆ. ಅದನ್ನೂ ಹೇಳಲೇಬೇಕು. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದರೆ ಸಾಕಮ್ಮ, ಸಾಕವ್ವ. ಇನ್ನು ಸಾಕು ಎಂದು. ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಒಬ್ಬಳು ಸಾಕಮ್ಮ ಇದ್ದಳು. ಐದನೇ ತರಗತಿಗೆ ಬರುವ ಹೊತ್ತಿಗೆ ತನ್ನ ಹೆಸರಿನ ಅರ್ಥ ಅವಳಿಗೆ ತಿಳಿದಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಜರಿ ಕೂಗಿದಾಗ ಅವಳ ದನಿ ಸಣ್ಣಗಾಗಿದ್ದು ನನಗೆ ಈಗಲೂ ನೆನಪಿದೆ. ನಾನು ಅವಳಿಗೆ ಬೆಂಗಳೂರಿನ ಸಾಕಮ್ಮನವರ ಕಥೆ ಹೇಳಿದೆ. 1920ರ ದಶಕದಲ್ಲಿ ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿ, ಮಹಾರಾಜರ ಕಾಲದಲ್ಲಿ ಹೆಸರು ಮಾಡಿದ ಹೆಣ್ಣುಮಗಳು. ಸಾಕು ಎಂದರೆ ಸಾಕಿ ಸಲಹು ಎಂಬ ಅರ್ಥವೂ ಇದೆ ಎಂದೆ. ಹುಡುಗಿ ತಲೆ ಆಡಿಸಿದಳು. ಅವಳ ಮನೆಯವರು ಯಾವ ಅರ್ಥದಲ್ಲಿ ಇಟ್ಟಿದ್ದರು ಎನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದೊಡ್ಡವರ ಬೇಸರವನ್ನು ಮಗುವಿನ ಹೆಸರಾಗಿ ಕಟ್ಟಬೇಡಿ. ಇದೊಂದು ಮಾತನ್ನು ನಾನು ಕೈಮುಗಿದು ಕೇಳುತ್ತೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 36 ವರ್ಷ ಪಾಠ ಮಾಡಿದವಳು. 1983ರಿಂದ 2019ರವರೆಗೆ. ಎಲ್ಲಾ ಶಿಕಾರಿಪುರ, ಸೊರಬ ತಾಲ್ಲೂಕಿನ ಹಳ್ಳಿಗಳು. ಹೆಸರುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಎರಡು ಪುಸ್ತಕದಿಂದ ಬಂದದ್ದು. ದಾಖಲಾತಿ ರಿಜಿಸ್ಟರ್ ಮತ್ತು ಹಾಜರಿ ಪುಸ್ತಕ. ಒಂದರಲ್ಲಿ ಹೆಸರು ಬರೆಯುತ್ತಿದ್ದೆ, ಇನ್ನೊಂದರಲ್ಲಿ ನೋಡಿ ಕೂಗುತ್ತಿದ್ದೆ. ಬರೆದ ಹೆಸರೇ ಬೇರೆ, ಕೂಗಿದ ಹೆಸರೇ ಬೇರೆ ಎಂದು ಗೊತ್ತಾಗುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಅದಕ್ಕೆ ಮೊದಲು ಒಂದು ತಪ್ಪು ಮಾಡಿದೆ.

1987ನೇ ಇಸವಿ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಜೂನ್ ತಿಂಗಳು, ಮಳೆ. ಒಬ್ಬ ತಾಯಿ ಮಗನನ್ನು ಒಂದನೇ ತರಗತಿಗೆ ಸೇರಿಸಲು ಕರೆತಂದಳು. ಹೆಸರೇನಪ್ಪಾ ಎಂದೆ. ಹುಡುಗ ಗಟ್ಟಿಯಾಗಿ, "ಹುಚ್ಚಪ್ಪ" ಎಂದ. ಪಕ್ಕದಲ್ಲಿ ನಿಂತಿದ್ದ ದೊಡ್ಡ ಮಕ್ಕಳು ನಕ್ಕರು. ನನಗೆ ಹುಡುಗನ ಮೇಲೆ ಕನಿಕರ ಬಂತು. ಮುಂದೆ ಹೈಸ್ಕೂಲು, ಕಾಲೇಜು, ಪೇಟೆ. ಎಲ್ಲ ಕಡೆ ನಗುತ್ತಾರಲ್ಲ ಎನಿಸಿತು. "ಇದನ್ನ ಬರೆಯೋದು ಬೇಡಮ್ಮ, ಶಿವರಾಜ ಅಂತ ಬರೀತೀನಿ" ಎಂದು ಬರೆದೇಬಿಟ್ಟೆ. ಆಗಿನ ಕಾಲದಲ್ಲಿ ಇದು ಹೊಸದೇನಲ್ಲ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ ಒಂದು ಎಂದು ಬರೆಯುತ್ತಿದ್ದೆವು, ಹೆಸರು ಹಿಡಿಸದಿದ್ದರೆ ಬೇರೆ ಬರೆಯುತ್ತಿದ್ದೆವು. ಆ ತಾಯಿ ಏನೂ ಅನ್ನಲಿಲ್ಲ. ಅಕ್ಕೋರು ಬರೆದರೆ ಆಯಿತು ಎಂದು ಹೆಬ್ಬೆಟ್ಟು ಒತ್ತಿ ಹೋದಳು.

ಮೂರು ವರ್ಷದ ಮೇಲೆ ಒಂದು ದಿನ ಶಿಕಾರಿಪುರದ ಸಂತೆಯಲ್ಲಿ ಅವಳು ಸಿಕ್ಕಳು. ಮಗ ಹೇಗಿದ್ದಾನೆ, ಓದುತ್ತಾನೆ ಎಂದೆಲ್ಲ ಮಾತಾಯಿತು. ಆಮೇಲೆ ಮೆಲ್ಲಗೆ ಹೇಳಿದಳು. ಅವಳಿಗೆ ಆರು ವರ್ಷ ಮಕ್ಕಳಾಗಿರಲಿಲ್ಲವಂತೆ. ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಗ ಇವನು. ಶಿಕಾರಿಪುರದವರಿಗೆ ಗೊತ್ತು, ಹುಚ್ಚರಾಯಸ್ವಾಮಿ ಎಂದರೆ ಅಲ್ಲಿನ ಆಂಜನೇಯ. ಊರಿನ ಕೆರೆಗೂ ಅವನದೇ ಹೆಸರು. "ದೇವರ ಹೆಸ್ರು ಇಡ್ತೀನಿ ಅಂತ ಹರಕೆ ಹೊತ್ತಿದ್ದೆ ಅಕ್ಕೋರೆ. ನೀವು ಅದನ್ನ ತೆಗೆದ್ರಿ" ಎಂದಳು. ಸಿಟ್ಟಿರಲಿಲ್ಲ, ಅದಕ್ಕೇ ಜಾಸ್ತಿ ನೋವಾಯಿತು.

ನಾನು ಈ ಸೀಮೆಯವಳೇ. ಆ ಗುಡಿಯಲ್ಲಿ ಎಷ್ಟೋ ಸಲ ಕೈಮುಗಿದಿದ್ದೇನೆ. ಆದರೂ ರಿಜಿಸ್ಟರ್ ಮುಂದೆ ಕೂತಾಗ ಆ ಹೆಸರನ್ನು ನಾನು ಪೇಟೆಯವರ ಕಿವಿಯಿಂದ ಕೇಳಿಸಿಕೊಂಡಿದ್ದೆ. ನಮ್ಮೂರಲ್ಲಿ ಮನೆ ಮನೆಯಲ್ಲಿ ಇರುವ ಹೆಸರು 300 ಕಿಲೋಮೀಟರ್ ಆಚೆ ವಿಚಿತ್ರ ಆಗುತ್ತದೆ. ಹೆಸರು ಅದೇ, ಕೇಳುವ ಊರು ಬೇರೆ ಅಷ್ಟೆ.

ಮೈಸೂರಿನ ಕಡೆಯವರು ಮೊದಲ ಸಲ ಧಾರವಾಡಕ್ಕೆ ಹೋದಾಗ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಕತ್ತಿ ಎಂಬ ಮನೆತನದ ಹೆಸರು ಕೇಳಿ ಬೆರಗಾಗುತ್ತಾರೆ. ಅಲ್ಲಿನವರಿಗೆ ಅದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಅಜ್ಜ ಬೆಲ್ಲದ ವ್ಯಾಪಾರ ಮಾಡುತ್ತಿದ್ದ, ಮನೆಯವರು ಬೆಲ್ಲದ ಆದರು.

ಬಿಡದಿ ಹತ್ತಿರ ಭದ್ರಾಪುರ ಎಂಬ ಊರಿದೆ. ಅಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಅಲೆಮಾರಿಗಳಾಗಿದ್ದವರು, ಒಂದು ಕಡೆ ನೆಲೆ ನಿಂತಿದ್ದಾರೆ. ಅವರು ಮಕ್ಕಳಿಗೆ ಕಾಫಿ, ಗೂಗಲ್, ಬ್ರಿಟಿಷ್, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದೆಲ್ಲ ಹೆಸರಿಟ್ಟಿರುವುದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಓದಿದವರು ನಗುತ್ತಾರೆ. ನನಗೆ ಆ ನಗು ಇಷ್ಟವಾಗುವುದಿಲ್ಲ. ಅವರು ಕಂಡದ್ದರಲ್ಲಿ ದೊಡ್ಡದೆನಿಸಿದ್ದನ್ನು, ರುಚಿಯಾದದ್ದನ್ನು ಮಗುವಿಗೆ ಕೊಟ್ಟಿದ್ದಾರೆ. ನಾವು ರತ್ನ, ಚಿನ್ನಪ್ಪ, ರಾಜ ಎಂದು ಇಟ್ಟದ್ದೂ ಅದೇ ತಾನೆ? ಆ ಹಟ್ಟಿಯೊಳಗೆ ಹೈಕೋರ್ಟ್ ಎಂದು ಕೂಗಿದರೆ ಒಬ್ಬ ಹುಡುಗ ಓಡಿ ಬರುತ್ತಾನೆ, ಯಾರಿಗೂ ಆಶ್ಚರ್ಯ ಆಗುವುದಿಲ್ಲ. ತೊಂದರೆ ಶುರುವಾಗುವುದು ಅವನು ಹಟ್ಟಿ ದಾಟಿ ಇನ್ನೊಬ್ಬರ ಮೇಜಿನ ಮುಂದೆ ನಿಂತಾಗ. ಆ ಮೇಜಿನ ಹಿಂದೆ ಕೂತವರು, ನನ್ನಂಥವರು, ಕಲಿಯಬೇಕಾದ್ದು ಬಹಳ ಇದೆ.

ಊರು ಬದಲಾದ ಹಾಗೆ ಕಾಲವೂ ಬದಲಾಗುತ್ತದೆ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ಕಡೆಯ ಒಂದು ಮನೆ ತೆಗೆದುಕೊಳ್ಳಿ. ಕುಪ್ಪಳಿಯ ವೆಂಕಟಪ್ಪನವರು. ಅವರ ಮಗ ಪುಟ್ಟಪ್ಪ, ಅಂದರೆ ಕುವೆಂಪು. ವೆಂಕಟಪ್ಪ, ಪುಟ್ಟಪ್ಪ, ಇವು ಮಲೆನಾಡಿನಲ್ಲಿ ಹೊಲಕ್ಕೊಂದು ಸಿಗುವ ಹೆಸರು. ಪುಟ್ಟಪ್ಪನವರು 1938ರಲ್ಲಿ ಹುಟ್ಟಿದ ಮಗನಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಇನ್ನೊಬ್ಬ ಮಗನಿಗೆ ಕೋಕಿಲೋದಯ ಚೈತ್ರ. ಹೆಣ್ಣುಮಕ್ಕಳಿಗೆ ಇಂದುಕಲಾ, ತಾರಿಣಿ. ಅಪ್ಪ ಅಂತ ಕೊನೆಯಾಗುವ ಹೆಸರುಗಳ ನಡುವೆ ಕೋಕಿಲೋದಯ ಚೈತ್ರ ಹೇಗೆ ಕೇಳಿಸಿರಬೇಕು! ಕರಾವಳಿಯಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂದು ಇಟ್ಟರು. ದೇವರ ಹೆಸರಿಲ್ಲ, ಅಜ್ಜನ ಹೆಸರಿಲ್ಲ.

ಈಗ ನೋಡಿ. ತೇಜಸ್ವಿ ಎಂದರೆ ಯಾರಾದರೂ ಹುಬ್ಬೇರಿಸುತ್ತಾರಾ? ನನ್ನ ಹಾಜರಿ ಪುಸ್ತಕದಲ್ಲೇ ಎಷ್ಟೋ ತೇಜಸ್ವಿಗಳು ಬಂದು ಹೋದರು. ಹರ್ಷ, ಉಲ್ಲಾಸ ಕೂಡ ಹಾಗೇ. ಚೈತ್ರ ಈಗ ಹೆಚ್ಚಾಗಿ ಹೆಣ್ಣುಮಕ್ಕಳ ಹೆಸರು. ಕೋಕಿಲೋದಯ ಮಾತ್ರ ಆ ಮನೆಯಲ್ಲೇ ಉಳಿಯಿತು, ಬೇರೆ ಯಾರ ಮಗುವಿಗೂ ಇಟ್ಟದ್ದನ್ನು ನಾನು ಕಂಡಿಲ್ಲ. ಕಾರಣ ಏನಿರಬಹುದು ಎಂದು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟು. ತೇಜಸ್ವಿ ನಾಲಿಗೆಗೆ ಸುಲಭ. ದೂರದಿಂದ ಕೂಗಬಹುದು. "ತೇಜಸ್ವೀ" ಎಂದರೆ ದನಿ ಹೊಲ ದಾಟಿ ಹೋಗುತ್ತದೆ.

ಅದಕ್ಕೇ ಹೆಸರು ಆರಿಸುವವರಿಗೆಲ್ಲ ನಾನು ಹೇಳುವುದು ಒಂದೇ. ಕಾಗದದ ಮೇಲೆ ಬರೆದು ನೋಡಬೇಡಿ. ಹಿತ್ತಿಲಿಗೆ ಹೋಗಿ ಕೂಗಿ ನೋಡಿ.

ನಮ್ಮ ಭಾಷೆಯಲ್ಲಿ ಕರೆಯುವಾಗ ಹೆಸರಿನ ಕೊನೆಯನ್ನು ಎಳೆಯುತ್ತೇವೆ. ರವೀ, ಮಂಜೂ, ಗೌರೀ, ಬಸವಾ. ಎಳೆಯುವುದಕ್ಕೆ ಕೊನೆಯಲ್ಲಿ ಒಂದು ಸ್ವರ ಬೇಕು. ಕನ್ನಡದ ಮಾತುಗಳೆಲ್ಲ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ ನಮ್ಮ ಬಾಯಿಗೆ ಬಂದು ಬಸ್ಸು ಆಯಿತು, ಕಾರ್ ಬಂದು ಕಾರು ಆಯಿತು. ಕಿಯಾನ್ ಎಂದು ಹೆಸರಿಟ್ಟರೆ ಊರಲ್ಲಿರುವ ಅಜ್ಜಿ ಅವನನ್ನು ಕಿಯಾನು ಎನ್ನುತ್ತಾಳೆ. ರಿಯಾಂಶ್ ಎಂದಿಟ್ಟರೆ ರಿಯಾಂಸು. ಅದು ಅಜ್ಜಿಯ ತಪ್ಪಲ್ಲ. ಅವಳ ಮಾತಿನ ಗುಣವೇ ಹಾಗೆ. ಅದಕ್ಕೆ ಅವಳನ್ನು ತಿದ್ದುವ ತಂದೆ ತಾಯಿಯನ್ನು ನೋಡಿದ್ದೇನೆ. "ಹಾಗಲ್ಲಮ್ಮ, ರಿಯಾಂಶ್ ಅನ್ನು" ಎನ್ನುತ್ತಾರೆ. ಆಮೇಲೆ ಅಜ್ಜಿ ಮೊಮ್ಮಗನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಡುತ್ತಾಳೆ. "ಪುಟ್ಟಾ, ಬಾ ಇಲ್ಲಿ" ಎನ್ನುತ್ತಾಳೆ. ಸೋಲುವುದು ಯಾರು ಹೇಳಿ?

ಹೆಸರು ಮೊಟಕಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಸುಬ್ರಹ್ಮಣ್ಯ ಸುಬ್ಬ ಆಗುತ್ತಾನೆ, ವೆಂಕಟೇಶ ವೆಂಕ, ಲಕ್ಷ್ಮಿ ಲಚ್ಚಿ. ನೀವು ಎಷ್ಟೇ ಉದ್ದದ ಹೆಸರಿಟ್ಟರೂ ಆಟದ ಬಯಲಿನಲ್ಲಿ ಉಳಿಯುವುದು ಎರಡು ಅಕ್ಷರ. ಆ ಎರಡು ಅಕ್ಷರ ಏನಾಗಬಹುದು ಎಂದು ಮೊದಲೇ ಬಾಯಲ್ಲಿ ಆಡಿಸಿ ನೋಡಿ. ಮಕ್ಕಳು ಕಾಡಿಸುವುದನ್ನು ತಪ್ಪಿಸುವುದಕ್ಕೆ ಆಗುವುದಿಲ್ಲ. ರಮೇಶನನ್ನೂ ಕಾಡಿಸುತ್ತಾರೆ, ಸುಮಾಳನ್ನೂ ಕಾಡಿಸುತ್ತಾರೆ. ಆದರೆ ನಾನು ತರಗತಿಯಲ್ಲಿ ಒಂದು ವಿಷಯ ಗಮನಿಸಿದ್ದೇನೆ. ತನ್ನ ಹೆಸರು ಯಾಕೆ ಬಂತು ಎಂದು ಗೊತ್ತಿರುವ ಮಗು ಜಗ್ಗುವುದಿಲ್ಲ. "ನಮ್ಮಜ್ಜನ ಹೆಸರು ಇದು, ಏನೀಗ?" ಎಂದು ಎದುರು ನಿಲ್ಲುತ್ತದೆ. ಗೊತ್ತಿಲ್ಲದ ಮಗು ತಲೆ ತಗ್ಗಿಸುತ್ತದೆ.

ನಾಲ್ಕನೇ ತರಗತಿಯವರಿಗೆ ನಿಘಂಟು ನೋಡುವುದನ್ನು ಕಲಿಸುವಾಗ, ಮೊದಲು ಅವರವರ ಹೆಸರನ್ನೇ ಹುಡುಕಲು ಹೇಳುತ್ತಿದ್ದೆ. ಮಕ್ಕಳಿಗೆ ಅದು ಬಹಳ ಖುಷಿ. ಒಂದು ವರ್ಷ ಒಬ್ಬಳು ಹುಡುಗಿ ಗಂಟೆ ಹೊಡೆಯುವವರೆಗೂ ಹಾಳೆ ತಿರುವುತ್ತಲೇ ಇದ್ದಳು. ಅವಳ ಹೆಸರು ಸಿಗಲಿಲ್ಲ. ಮನೆಯಲ್ಲಿ ಅವಳಿಗೆ 'ಸೂರ್ಯನ ಮೊದಲ ಕಿರಣ' ಎಂದು ಅರ್ಥ ಹೇಳಿದ್ದರು. ಮುಖ ಸಪ್ಪಗಾಯಿತು. ಸಂಜೆ ಅವಳ ತಾಯಿಯನ್ನು ಕೇಳಿದೆ. ಅವರು ನಾಚಿಕೊಂಡು, ಗಂಡನ ಹೆಸರಿನ ಮೊದಲ ಅಕ್ಷರಕ್ಕೆ ತಮ್ಮ ಹೆಸರಿನ ಕೊನೆ ಸೇರಿಸಿ ಮಾಡಿದ ಹೆಸರು ಅದು ಎಂದರು. ಯಾರಾದರೂ ಕೇಳಿದರೆ ಹೇಳಲು ಒಂದು ಅರ್ಥ ಇರಲಿ ಎಂದು ಫೋನಿನಲ್ಲಿ ಸಿಕ್ಕಿದ್ದನ್ನು ಹೇಳಿಕೊಟ್ಟಿದ್ದರಂತೆ. ನಿಜವನ್ನೇ ಹೇಳಿ ಎಂದೆ. ಮಾರನೇ ದಿನ ಹುಡುಗಿ ಓಡಿಬಂದು, "ಅಕ್ಕೋರೆ, ನನ್ನ ಹೆಸರಲ್ಲಿ ಅಪ್ಪ ಅಮ್ಮ ಇಬ್ರೂ ಇದಾರೆ" ಎಂದಳು. ಸೂರ್ಯನ ಕಿರಣಕ್ಕಿಂತ ಇದು ಅವಳಿಗೆ ದೊಡ್ಡದಾಗಿತ್ತು.

ಫೋನಿನಲ್ಲಿ ಹುಡುಕಿದರೆ ಎಲ್ಲ ಹೆಸರಿಗೂ ಒಂದು ಚಂದದ ಅರ್ಥ ಸಿಗುತ್ತದೆ. ದೇವರ ಉಡುಗೊರೆ, ವಿಷ್ಣುವಿನ ಅಂಶ, ಬೆಳಗಿನ ಬೆಳಕು. ನಂಬುವ ಮೊದಲು ಕಿಟೆಲ್ ಅವರ 1894ರ ನಿಘಂಟನ್ನೋ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನೋ ತೆರೆದು ನೋಡಿ. ಅಲ್ಲಿ ಇಲ್ಲದ ಹೆಸರು ಇಡಬಾರದು ಎಂದಲ್ಲ. ಮಗುವಿಗೆ ಇಲ್ಲದ ಅರ್ಥ ಹೇಳಬೇಡಿ, ಅಷ್ಟೆ.

ಇನ್ನೊಂದು. ಯಾರಿಗೂ ಇಲ್ಲದ ಹೆಸರು ಬೇಕು ಎಂದು ಎಲ್ಲರೂ ಒಂದೇ ಕಡೆ ಹುಡುಕಿದರೆ ಏನಾಗುತ್ತದೆ? ನಾನು ಕೆಲಸಕ್ಕೆ ಸೇರಿದಾಗ ಒಂದು ತರಗತಿಯಲ್ಲಿ ಮೂವರು ಮಂಜುನಾಥರು ಇರುತ್ತಿದ್ದರು. ದೊಡ್ಡ ಮಂಜ, ಸಣ್ಣ ಮಂಜ, ಕೆರೆ ಏರಿ ಮಂಜ. ನಿವೃತ್ತಿಯ ಹೊತ್ತಿಗೆ ಹಾಜರಿ ಪುಸ್ತಕದ ಮೊದಲ ಪುಟವೆಲ್ಲ 'ಆ' ಎಂಬ ಅಕ್ಷರ. ಆರವ್, ಆರುಷ್, ಆರ್ಯ, ಆರಾಧ್ಯ, ಆದ್ಯ. ಒಬ್ಬರನ್ನು ಕರೆದರೆ ಮೂವರು ಎದ್ದು ನಿಲ್ಲುತ್ತಿದ್ದರು. ಆಗ ಮಂಜುನಾಥರು ನೆನಪಾಗುತ್ತಿದ್ದರು. ನಿಜವಾಗಿ ಅಪರೂಪ ಬೇಕೆಂದರೆ ನಮ್ಮ ಮಾತಿನಲ್ಲೇ ರಾಶಿ ಬಿದ್ದಿದೆ. ನೇಸರ, ಮುಗಿಲು, ಬೆಳಕು, ಚಿಗುರು, ಚುಕ್ಕಿ, ಬೆಳ್ಳಿ, ಇಂಚರ. ಕೊನೆಯಲ್ಲಿ ಸ್ವರ ಇದೆ, ಅಜ್ಜಿಗೆ ಅರ್ಥ ಗೊತ್ತಿದೆ, ನಿಘಂಟಿನಲ್ಲೂ ಸಿಗುತ್ತದೆ. ನನಗೆ ಈ ಹೆಸರುಗಳ ಮೇಲೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಇನ್ನು ಕಚೇರಿಯ ವಿಷಯ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಕಿವಿಗೊಟ್ಟು ಕೇಳಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರನ್ನು ಅಷ್ಟರಲ್ಲೇ ಬರೆಸಬೇಕು ಎಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ. ಆಸ್ಪತ್ರೆಯಲ್ಲಿ ಫಾರಂ ಹಿಡಿದು ನಿಂತವರ ಅವಸರಕ್ಕೆ ಬಾಯಿಗೆ ಬಂದ ಹೆಸರು ಹೇಳಬೇಡಿ. ಯಾಕೆಂದರೆ ಬರೆಸಿದ ಮೇಲೆ ಬದಲಿಸುವುದು ಸುಲಭವಲ್ಲ. ನಮ್ಮ ಜನನ ನೋಂದಣಿ ಕಾಯ್ದೆ 1969ರದು. ಬರೆಸಿದ ಹೆಸರನ್ನು ತಂದೆ ತಾಯಿ ಆಮೇಲೆ ಬದಲಿಸಬಹುದು ಎಂದು ಅದರಲ್ಲಿ ನೇರವಾಗಿ ಇಲ್ಲ. 2025ರಲ್ಲಿ ನಮ್ಮ ಹೈಕೋರ್ಟ್ ಒಂದು ದಾರಿ ತೋರಿಸಿತು. ತಂದೆ ತಾಯಿ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟರೆ ಪರಿಶೀಲಿಸಿ ಬದಲಿಸಬಹುದು, ಆದರೆ ಹಳೇ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ. 2023ರ ಅಕ್ಟೋಬರ್ ಒಂದರಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಅದು ಎಲ್ಲ ಕಡೆ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ ಎಂದು ಮೊದಲೇ ನಿರ್ಧರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ.

ಹೆಸರಿನ ಹಿಂದೆ ಮುಂದೆ ಏನಿರುತ್ತದೆ ಎನ್ನುವುದನ್ನೂ ಮರೆಯಬೇಡಿ. ನಮ್ಮ ಹಳೇ ಮೈಸೂರು, ಮಲೆನಾಡಿನ ಕಡೆ ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ, ಆಮೇಲೆ ಹೆಸರು. ಹೊರದೇಶದ ಫಾರಂಗಳಿಗೆ ಇದು ಅರ್ಥವಾಗುವುದಿಲ್ಲ. 2022ರ ನವೆಂಬರಿನಲ್ಲಿ ಯುಎಇ ದೇಶದವರು, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಎಂದರು. ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ತಿಳಿಸಿದರು. ದುಬೈಗೆ ಹೊರಟ ಎಷ್ಟು ಜನ ಗಾಬರಿಯಾಗಿರಬೇಕು! ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನ ಮಗಳ ಹೆಸರಿನಲ್ಲಿ ಒಂದು ಳ ಇದೆ. ಅಲ್ಲಿನವರ ನಾಲಿಗೆಗೆ ಅದು ಬರುವುದಿಲ್ಲ. ಬದಲಿಸಬೇಕಾ ಎಂದು ಅವನು ಕೇಳಿದಾಗ ನಾನು ಬೇಡ ಎಂದೆ. ಮನೆಯಲ್ಲಿ ನೀವು ಇಬ್ಬರೂ ಸರಿಯಾಗಿ ಕರೆಯಿರಿ, ಹೊರಗಿನವರು ಲ ಎನ್ನಲಿ. ತನ್ನ ಹೆಸರಿನಲ್ಲಾದರೂ ಆ ಮಗುವಿಗೆ ಒಂದು ಳ ಉಳಿಯಲಿ.

ಮನೆಯೊಳಗಿನ ಜಗಳಕ್ಕೆ ಬರುತ್ತೇನೆ. ಹುಣಸೂರಿನಲ್ಲಿ ಮಗುವಿಗೆ ಯಾವ ಹೆಸರಿಡಬೇಕು ಎಂದು ಗಂಡ ಹೆಂಡತಿ ನಡುವೆ ಶುರುವಾದ ಮನಸ್ತಾಪ ಕೋರ್ಟಿಗೆ ಹೋಯಿತು. ಕೊನೆಗೆ 2024ರ ಡಿಸೆಂಬರಿನಲ್ಲಿ ನ್ಯಾಯಾಧೀಶರ ಮುಂದೆ ಮಗುವಿಗೆ ಹೆಸರಾಯಿತು, ಅಪ್ಪ ಅಮ್ಮ ಹಾರ ಬದಲಿಸಿಕೊಂಡು ಒಂದಾದರು. ಓದಿದಾಗ ಕಣ್ಣು ತುಂಬಿ ಬಂತು. ಅಷ್ಟು ದಿನ ಆ ಮಗುವನ್ನು ಯಾರು ಏನೆಂದು ಕರೆದಿರಬೇಕು?

ನಮ್ಮ ಹಳೇ ಪದ್ಧತಿಯಲ್ಲಿ ಈ ಜಗಳಕ್ಕೆ ಜಾಗ ಬಿಟ್ಟಿದ್ದರು. ಶಾಸ್ತ್ರದ ಪ್ರಕಾರ ನಾಮಕರಣದಲ್ಲಿ ಒಂದೇ ಹೆಸರಿಲ್ಲ. ದೇವರ ಹೆಸರು, ತಿಂಗಳ ಹೆಸರು, ನಕ್ಷತ್ರದ ಹೆಸರು, ಆಮೇಲೆ ಕರೆಯುವ ವ್ಯವಹಾರದ ಹೆಸರು. ನಮ್ಮ ಮನೆಯಲ್ಲಿ ಬೀಗರು ನಕ್ಷತ್ರದ ಅಕ್ಷರವೇ ಬೇಕು ಎಂದರು. ಮಗು ಹುಟ್ಟಿದ್ದು ಹಸ್ತ ನಕ್ಷತ್ರದ ಮೂರನೇ ಪಾದ. ಪಂಚಾಂಗದಲ್ಲಿ ಅದಕ್ಕೆ ಣ ಅಕ್ಷರ. ಕನ್ನಡದಲ್ಲಿ ಣ ಅಕ್ಷರದಿಂದ ಯಾವ ಹೆಸರು ಶುರುವಾಗುತ್ತದೆ ಹೇಳಿ! ಪುರೋಹಿತರು ನ ಇಟ್ಟುಕೊಳ್ಳಿ ಎಂದರು. ಹಾಗೆ ನಂದಿನಿ ಎಂಬುದು ನಕ್ಷತ್ರದ ಹೆಸರಾಯಿತು. ಬೀಗರಿಗೆ ಸಮಾಧಾನ ಆಯಿತು. ಕರೆಯುವ ಹೆಸರು ಹಾಗೇ ಉಳಿದಿತ್ತು, ಅಮ್ಮನೂ ಹಾಗೇ ಉಳಿದಿದ್ದರು.

ಮಗಳು ಅಜ್ಜಿಯ ಜೊತೆ ವಾದ ಮಾಡಲಿಲ್ಲ. ಅದು ನನಗೆ ಹೆಮ್ಮೆ. ಒಂದು ದಿನ ಬೆಳಿಗ್ಗೆ, ಅಮ್ಮ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡಿದ್ದಾಗ, ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ಅಜ್ಜಿ, ಇಬ್ಬನಿ ಬಿಸಿಲಿಗೆ ಕರಗುತ್ತೆ ನಿಜ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಮತ್ತೆ ಬಂದಿರುತ್ತಲ್ಲ." ಅಮ್ಮ ಏನೂ ಹೇಳಲಿಲ್ಲ. ಮಗುವಿನ ಬೆನ್ನಿಗೆ ನೀರು ಹೊಯ್ಯುತ್ತಲೇ ಇದ್ದರು.

ತೊಟ್ಟಿಲಿಗೆ ಹಾಕುವ ದಿನ ಬಂತು. ಮಗುವನ್ನು ಮಲಗಿಸುವ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಇಡುವ ಪದ್ಧತಿ ಇದೆ, ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇರಬಹುದು. ಈಗ ಮನೆಯಲ್ಲಿ ಮಿಕ್ಸಿ, ಒರಳಿನ ಗುಂಡು ಹಿತ್ತಿಲಲ್ಲಿ ಬಿದ್ದಿತ್ತು. ಅಮ್ಮ ಬೆಳಿಗ್ಗೆ ಬೇಗ ಎದ್ದು ಒಬ್ಬರೇ ಹೋಗಿ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟು ಒಳಗೆ ತಂದರು. ನಾನು ಎತ್ತಿಕೊಡುತ್ತೇನೆ ಎಂದರೆ ಬಿಡಲಿಲ್ಲ. ತೊಟ್ಟಿಲಲ್ಲಿ ಮೊದಲು ಕಲ್ಲು ಮಲಗಿಸಿದರು. ಅದನ್ನು ತೆಗೆದು ಮಗುವನ್ನು ಮಲಗಿಸಿದರು. ಅಳಿಯನ ತಂಗಿ, ಮಗುವಿನ ಸೋದರತ್ತೆ, ಬಗ್ಗಿ ಕಿವಿಯಲ್ಲಿ ಮೂರು ಸಲ ಇಬ್ಬನಿ ಎಂದಳು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಅಮ್ಮ ಎಲ್ಲರಿಗಿಂತ ಜೋರಾಗಿ ಗುದ್ದಿದರು.

ಈಗ ಮಗುವಿಗೆ ಐದು ತಿಂಗಳು. ಬೆಳಿಗ್ಗೆ ಬಚ್ಚಲಲ್ಲಿ ನೀರು ಕಾದ ಕೂಡಲೇ ಅಮ್ಮ ಅಲ್ಲಿಂದ ಕೂಗುತ್ತಾರೆ. ಅವರ ಬಾಯಲ್ಲಿ ಆ ಹೆಸರು ಸ್ವಲ್ಪ ಮೊಟಕಾಗಿದೆ. "ಇಬ್ನೀ, ಬಾರೇ ಮಗಾ" ಎನ್ನುತ್ತಾರೆ. ಮಗು ಆ ದನಿಗೆ ತಲೆ ತಿರುಗಿಸುತ್ತದೆ. ನಾವೂ ಈಗ ಹಾಗೇ ಕರೆಯುತ್ತಿದ್ದೇವೆ.